ಸವಾರನಿಗೂ ಬಟ್ಟಲು ತುಂಬಿ

ನಮ್ಮ ಅತ್ತೆಯ ಮನೆಯಿಂದ ಯಾರ ಬಟ್ಟಲೂ ಖಾಲಿ ಹೋಗುವುದಿಲ್ಲ. ಪಕ್ಕದ ಮನೆಯವರು ಹುಗ್ಗಿ ಹಾಕಿ ಕಳಿಸಿದ ಬಟ್ಟಲು ಹಿಂದಿರುಗುವಾಗ ಅದರಲ್ಲಿ ನಾಲ್ಕು ಸಂಡಿಗೆಯಾದರೂ ಇರಬೇಕು. ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆ. ಕೊಟ್ಟದ್ದನ್ನೇ ತಿರುಗಿ ಕೊಡುವುದು ಖಾಲಿ ಕೊಡುವುದಕ್ಕಿಂತ ದೊಡ್ಡ ಅವಮಾನ, ಆದ್ದರಿಂದ ಹುಗ್ಗಿಗೆ ಹುಗ್ಗಿ ನಡೆಯುವುದಿಲ್ಲ. ಮದುವೆಯಾಗಿ ಯಾದಗಿರಿಯಿಂದ ಶಹಾಪುರಕ್ಕೆ ಬಂದ ಹೊಸದರಲ್ಲಿ ನಾನು ಬಟ್ಟಲೊಂದನ್ನು ಫಳಫಳ ಬೆಳಗಿ, ಒರೆಸಿ, ಥ್ಯಾಂಕ್ಸ್ ಹೇಳಿ ಕೊಟ್ಟು ಬಂದಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದು ಅಷ್ಟೇ. ಅತ್ತೆ ಸೆರಗು ಸಿಕ್ಕಿಸಿಕೊಂಡು ಆ ಬಟ್ಟಲಿನ ಬೆನ್ನು ಹತ್ತಿ ಹೋಗಿ ಬೆಲ್ಲದ ಚೂರು ಹಾಕಿ ಬಂದರು. ಬೈಯಲಿಲ್ಲ.

"ಥ್ಯಾಂಕ್ಸ್ ತಿನ್ನಾಕ ಬರ್ತದೇನವ್ವಾ?" ಎಂದರು, ಅಷ್ಟೇ.

ಈ ಪದ್ಧತಿ ಒಂದು ದಿನ ಎಲೆಯಾಟದೊಳಗೂ ನುಗ್ಗುತ್ತದೆಂದು ಯಾರಿಗೆ ಗೊತ್ತಿತ್ತು?

ಆಟಕ್ಕಿಂತ ಮೊದಲು ಕೋಣೆಯ ವಿಷಯ ಹೇಳಬೇಕು. ನಮ್ಮ ಮನೆಗೆ ರಸ್ತೆಯ ಕಡೆ ಒಂದು ಕೋಣೆಯಿದೆ. ಅದರ ಕಿಟಕಿಯಿಂದ ಊರ ಬೆಟ್ಟ ಕಾಣುತ್ತದೆ, ಬುದ್ಧ ಅಂಗಾತ ಮಲಗಿದ ಹಾಗೆ. ಸಂಜೆ ಓಣಿಯ ಮಕ್ಕಳನ್ನು ಅಲ್ಲಿ ಕೂಡಿಸಿಕೊಂಡು ಇಂಗ್ಲಿಷ್ ಓದಲು ಕಲಿಸಬೇಕೆಂಬುದು ನನ್ನ ಬಹಳ ವರ್ಷದ ಆಸೆ. ಒಂದು ಕರಿಹಲಗೆಯನ್ನೂ ತಂದು, ಹಳೆಯ ಚಾದರದಲ್ಲಿ ಸುತ್ತಿ, ಬಾಗಿಲ ಹಿಂದೆ ನಿಲ್ಲಿಸಿದ್ದೆ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನನ್ನದು ಎಂದು ನಾನು ಕೇಳಿದ ಮೊದಲ ಜಾಗ ಅದು. ಅತ್ತೆಯನ್ನು ಕೇಳಿದಾಗ "ಹೂಂ" ಎಂದಿದ್ದರು.

ಅದೇ ವಾರ ಸುರಪುರದಿಂದ ನಾದಿನಿ ಬಂದಳು. ಅವಳ ಮನೆಯ ಹಳೆಯ ಚಾವಣಿ ತೆಗೆದು ಸ್ಲ್ಯಾಬ್ ಹಾಕುವುದಿತ್ತು. ಅಲ್ಲಿಯವರೆಗೆ ಅವಳ ಕಬ್ಬಿಣದ ಅಲಮಾರ ನಮ್ಮ ರಸ್ತೆಯ ಕಡೆಯ ಕೋಣೆಯಲ್ಲಿರಲಿ ಎಂದು ತಾಯಿಯನ್ನು ಕೇಳಿದಳು. ಅವಳಿಗೂ ಅತ್ತೆ "ಹೂಂ" ಎಂದರು. ನಮ್ಮ ಕಡೆ ಅಲಮಾರ ಒಮ್ಮೆ ಗೋಡೆಗೆ ಬೆನ್ನು ಹಚ್ಚಿತೆಂದರೆ ಮನೆಯ ಹಿರಿಯರಲ್ಲಿ ಒಬ್ಬರಾಗಿಬಿಡುತ್ತದೆ. ಎದ್ದು ಹೋಗು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಕೋಣೆ ಒಂದು, ಹೂಂ ಎರಡು. ಇದನ್ನು ಬಾಯಿಬಿಟ್ಟು ಆಡುವ ರೂಢಿ ನಮ್ಮಲ್ಲಿಲ್ಲ. ನಾದಿನಿ ಆ ಕೋಣೆಗೆ ಹೋಗಿ ಗೇಣು ಹಾಕಿ ಗೋಡೆ ಅಳೆಯುತ್ತಿದ್ದಳು. ನಾನು ಅವಳ ಹಿಂದೆಯೇ ಚಹಾ ಹಿಡಿದು ಹೋಗಿ ನಗುತ್ತಿದ್ದೆ.

ಆಗ ರಜೆಗೆ ಬಂದಳು ನನ್ನ ಮಗಳು. ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಓದುತ್ತಾಳೆ. ಹಾಸ್ಟೆಲಿನ ಗೆಳತಿಯಿಂದ ಒಂದು ಆಟದ ಡಬ್ಬಿ ಇಸಿದುಕೊಂಡು ತಂದಿದ್ದಳು. ಎಲೆಯಾಟವೇ, ಆದರೆ ರಾಜ ರಾಣಿ ಗುಲಾಮರದ್ದಲ್ಲ. ಎಲ್ಲರಿಗೂ ಆರಂಭದಲ್ಲಿ ಒಂದೇ ಸಮನಾದ ಬಡ ಕಟ್ಟು, ಬರೀ ಕಾಸಿನ ಎಲೆಗಳು. ನಮ್ಮ ಕಟ್ಟಿನಿಂದ ಐದು ಎಲೆ ಎತ್ತಿ ಕೈಯಲ್ಲಿಟ್ಟುಕೊಂಡು, ಸರದಿ ಬಂದಾಗ ಅದರಲ್ಲಿರುವ ಕಾಸಿನಿಂದ ನಡುವಿನ ಪೇಟೆಯಲ್ಲಿ ಒಳ್ಳೆಯ ಎಲೆ ಕೊಳ್ಳಬೇಕು: ಬಂಗಾರ, ಕೋಟೆ, ಸವಾರ, ಊರು. ಕೊಂಡದ್ದು ನಮ್ಮ ಕಟ್ಟಿಗೇ ಸೇರಿ, ಕಲೆಸಿದಾಗ ಮತ್ತೆ ಕೈಗೆ ಬರುತ್ತದೆ. ಕೊನೆಗೆ ಯಾರ ಕಟ್ಟಿನಲ್ಲಿ ಹೆಚ್ಚು ಊರುಗಳೋ ಅವರು ಗೆದ್ದಂತೆ; ದೊಡ್ಡ ಊರು ಒಂದಿದ್ದರೆ ಮೂರರ ಲೆಕ್ಕ. ಸಂಸಾರವೂ ಹೀಗೆಯೇ, ತಂದುಕೊಂಡದ್ದೆಲ್ಲ ಒಂದಲ್ಲ ಒಂದು ದಿನ ಕೈಗೆ ಬಂದೇ ಬರುತ್ತದೆ.

ಸವಾರನೇ ದಾಳಿಯ ಎಲೆ. ಚಿತ್ರದಲ್ಲಿ ಅವನ ಮುಖ ಕಾಣದು, ಕುದುರೆಗೆ ಮಾತ್ರ ಉದ್ದುದ್ದ ರೆಪ್ಪೆ. ಅವನನ್ನು ಇಳಿಸಿದರೆ ಉಳಿದವರೆಲ್ಲ ಒಂದೊಂದು ಕಲ್ಲಿನ ಎಲೆ ತೆಗೆದುಕೊಳ್ಳಬೇಕು. ಕಲ್ಲಿನಿಂದ ಏನನ್ನೂ ಕೊಳ್ಳಲಾಗದು. ಕೈಯಲ್ಲಿ ಸುಮ್ಮನೆ ಜಾಗ ತಿನ್ನುತ್ತದೆ.

"ಸವಾರನ್ನ ಮೊದಲೇ ತಗೋಬೇಕವ್ವಾ," ಎಂದು ಮಗಳು ನನಗೆ ಪಾಠ ಹೇಳಿದಳು. "ಸುರುವಾತಿಗೇ ಕಲ್ಲು ಹಾಕಿದ್ರ ಆಟ ಮುಗಿಯೋತನ ಅವರ ಕೈಗೆ ತಿರುತಿರುಗಿ ಬರ್ತದ. ಕಡೀಗಿ ಹಾಕಿದ್ರ ಏನ್ ಉಪಯೋಗ? ಖರೆ, ಭಾಳ ಮಂದಿ ಸವಾರರನ್ನ ಇಟ್ಕೋಬ್ಯಾಡ. ಒಂದು ಸರದಿಗೆ ಒಬ್ಬನ ಹೊಂಡತಾನ. ಉಳದೋರು ಕೈಯಾಗ ಕುಂತು ಉಣ್ಣತಾರ."

ನಾಲ್ವರು ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತೆವು. ಭೀಮರಾಯನಗುಡಿಯ ಕಾಲುವೆ ಆಫೀಸಿನಿಂದ ಬಂದ ಯಜಮಾನರು ನಮ್ಮನ್ನು ನೋಡಿ, "ಎಲಿ ಆಡೋದಾದ್ರ ಕಿಟಕಿ ಹಾಕ್ಕೊರ್ರಿ, ಓಣ್ಯಾಗ ಮರ್ಯಾದಿ ಅದ," ಎಂದು ಹೇಳಿ, ತಾವೇ ಕಿಟಕಿ ಹಾಕಿ, ಅರ್ಧ ತಾಸು ನಿಂತು ನೋಡಿದರು.

ಅತ್ತೆ ಎಲೆಗಳನ್ನು ಕವಳದ ಎಲೆಯ ಹಾಗೆ ತೊಡೆಯ ಮೇಲಿಟ್ಟು ಸೆರಗಿನಿಂದ ಒರೆಸಿ ಜೋಡಿಸಿಕೊಂಡರು. ನಾದಿನಿ ಆಗಷ್ಟೇ ಪಲ್ಯಕ್ಕೆ ಅರಿಶಿನ ಹಾಕಿ ಬಂದಿದ್ದಳು. ಅವಳು ಮುಟ್ಟಿದ ಎಲೆಗೆಲ್ಲ ಹಳದಿ ಹೆಬ್ಬೆಟ್ಟು. ನಾನು ಮಗಳ ಮಾತು ಕೇಳಿ ಸವಾರನನ್ನು ಕೊಂಡಿದ್ದೆ. ಇಳಿಸುವಾಗ ಅಭ್ಯಾಸಬಲದಿಂದ ಬಾಯಿಂದ ಬಂದದ್ದು "ಸಾರಿ ಅತ್ತಿ" ಎಂದು.

ಅತ್ತೆ ಕಲ್ಲನ್ನು ಎರಡೂ ಕೈಯಿಂದ ಇಸಿದುಕೊಂಡರು. ಆಮೇಲೆ ತಮ್ಮ ಎಲೆಗಳಲ್ಲಿ ಹುಡುಕಿ, ಅದಾಗಲೇ ಕಷ್ಟಪಟ್ಟು ಕೊಂಡಿದ್ದ ಒಂದೇ ಒಂದು ಬಂಗಾರವನ್ನು ತೆಗೆದು ನನ್ನ ಮುಂದಿಟ್ಟರು.

"ಆಯಿ! ಇದು ದಾಳಿ! ಅವ್ವ ನಿನಗ ಹೊಡದಾಳ!" ಮಗಳು ಕೂಗಿದಳು.

"ಹೊಡೀಲಿ ಬಿಡು. ಏನರ ತಂದಾಳಲ್ಲ? ಹಂಗ ಖಾಲಿ ಕೈಲೆ ಹ್ಯಾಂಗ ಕಳಸ್ಲಿ?"

"ಕಲ್ಲು ತಂದಾಳ, ಆಯಿ!"

"ಕಲ್ಲಾಗಲಿ. ಬಟ್ಟಲಂದ್ರ ಬಟ್ಟಲಾ."

ಮಗಳು ನಿಯಮದ ಹಾಳೆ ತೆಗೆದು ಇಂಗ್ಲಿಷಿನಲ್ಲಿ ಓದತೊಡಗಿದಳು. ಅತ್ತೆ ಪೂರ್ತಿ ಕೇಳಿಸಿಕೊಂಡರು. "ಅದು ಅವರ ಮನಿ ರೀತಿ," ಎಂದರು. ಹೀಗಾಗಿ ನಮ್ಮ ಮನೆಯ ರೀತಿ ಗೊತ್ತಾಯಿತು: ಕಲ್ಲು ಬಂದರೆ ತಂದವರಿಗೆ ಕೈಯಲ್ಲಿದ್ದ ಒಂದು ಎಲೆ ಕೊಡಬೇಕು, ಕಲ್ಲಿಗೆ ಕಲ್ಲು ಕೊಡಬಾರದು, ತಂದವರು ಬೇಡ ಎನ್ನಬಾರದು.

ಅವತ್ತೇ ಅತ್ತೆ, ಯಾರ ಮುಖವನ್ನೂ ನೋಡದೆ, "ನಾಳಿನ ಆಟದಾಗ ನಿಮ್ಮಿಬ್ಬರೊಳಗ ಯಾರ ಊರು ಹೆಚ್ಚಾಗ್ತಾವೋ ಆ ಕೋಣಿ ಅವರದು. ನನ್ನ ನಡುವ ಎಳೀಬ್ಯಾಡ್ರಿ," ಎಂದುಬಿಟ್ಟರು.

"ಹೌದ್ರಿ ವೈನಿ, ಅದ ಬರೋಬ್ಬರಿ," ಎಂದಳು ನಾದಿನಿ, ಬಹಳ ಪ್ರೀತಿಯಿಂದ. ನಾನೂ ಅಷ್ಟೇ ಪ್ರೀತಿಯಿಂದ ತಲೆಯಾಡಿಸಿದೆ.

ಮರುದಿನ ನಾದಿನಿ ಕೈ ತೊಳೆದುಕೊಂಡು ಬಂದು ಕುಳಿತಳು. ಮೊದಲು ಕೋಟೆ ಕೊಂಡಳು. ಅದು ಕೈಯಲ್ಲಿದ್ದಾಗ ಯಾರ ಸವಾರನೂ ಹತ್ತಿರ ಬರುವಂತಿಲ್ಲ. "ನಾವು ಸುರಪುರದೋರು, ಕ್ವಾಟಿ ಬಿಟ್ಟು ನಮಗ ನಿದ್ದಿ ಬರಂಗಿಲ್ಲ," ಎಂದಳು. ಆಮೇಲೆ ಸವಾರನನ್ನು ಕೊಂಡಳು. ಮೊದಲ ದಾಳಿಯಲ್ಲಿ ನಾನೂ ಮಗಳೂ ಒಂದೊಂದು ಸಣ್ಣ ಕಾಸು ಕೊಟ್ಟೆವು. ಅತ್ತೆ ಬಂಗಾರ ಕೊಟ್ಟರು. ನಾದಿನಿಯ ಕಣ್ಣು ಹೊಳೆದದ್ದು ನನಗೆ ಕಂಡಿತು. ಇಡೀ ಆಟದ ಗುಟ್ಟು ಅವಳಿಗೆ ಹೊಳೆದಿತ್ತು: ಕೊಡುವ ಕೈಯ ಮೇಲೆ ದಾಳಿ ಮಾಡಿದರೆ ಅದು ದಾಳಿಯಲ್ಲ, ಫಸಲು. ಸರದಿ ಬಂದಾಗಲೆಲ್ಲ ಸವಾರನನ್ನು ಇಳಿಸಿದಳು. ತಾಯಿ ಪ್ರತಿ ಸಲ ತಮ್ಮ ಕೈಯಲ್ಲಿದ್ದ ಒಳ್ಳೆಯದನ್ನೇ ಹುಡುಕಿ ಕೊಟ್ಟರು. ತವರಿಗೆ ಬಂದ ಮಗಳಿಗೆ ಕೊಟ್ಟ ಹಾಗೆ.

"ಅವ್ವಾ, ನೀನೂ ಆಯಿಗಿ ಹೊಡಿ! ಕೋಣಿ ಹೋಗ್ತದ ನೋಡು!" ಮಗಳು ನನ್ನ ತೊಡೆ ಚಿವುಟಿದಳು.

ನನ್ನ ಕೈಯಲ್ಲೂ ಸವಾರನಿದ್ದ. ಆದರೆ ಮುತ್ತೈದೆಯರಿಗೆ ಉಡಿ ತುಂಬಿಯೇ ಗೊತ್ತಿರುವ ಆ ಕೈಗಳನ್ನು ನೋಡಿದರೆ ಅವನನ್ನು ಇಳಿಸಲಾಗಲಿಲ್ಲ. ಇಳಿಸಿದರೆ ನಾದಿನಿಯ ಕೋಟೆ ಅವಳನ್ನು ಕಾಯುತ್ತದೆ. ಕಲ್ಲು ಬೀಳುವುದು ಅತ್ತೆಗೆ ಮತ್ತು ನನ್ನದೇ ಮಗಳಿಗೆ. ನಾನು ಸಿಕ್ಕ ಕಾಸಿನಿಂದ ಒಂದೊಂದು ಸಣ್ಣ ಊರು ಕೊಳ್ಳುತ್ತ ಹೋದೆ. ಅತ್ತ ನಾದಿನಿ ಬಂಗಾರ ಸುರಿದು ದೊಡ್ಡ ಊರು ಕೊಳ್ಳತೊಡಗಿದಳು. ಬಾಗಿಲ ಹಿಂದಿನ ಕರಿಹಲಗೆಯ ಮೂಲೆ ಚಾದರದಿಂದ ಹೊರಗೆ ಇಣುಕುತ್ತಿತ್ತು.

ಮತ್ತೊಮ್ಮೆ ಅವಳ ಸವಾರ ಬಂದಾಗ ನನ್ನ ಕೈಯಲ್ಲಿದ್ದದ್ದು ಮೂರು ಕಲ್ಲು, ಒಂದು ಬಂಗಾರ, ಒಬ್ಬ ಸವಾರ. ಕಲ್ಲು ಕೊಡುವಂತಿಲ್ಲ. ಬಂಗಾರ ಕೊಟ್ಟರೆ ಊರು ಕೊಳ್ಳಲಾಗದು. ಸವಾರನನ್ನೇ ಕೊಟ್ಟೆ.

"ಯಪ್ಪಾ! ವೈನಿ ತಮ್ಮ ಕತ್ತೀನೇ ಕೊಟ್ಟಾರ!" ನಾದಿನಿ ಕುಲುಕುಲು ನಕ್ಕಳು. "ಕಾನ್ವೆಂಟ್ ಸಾಲ್ಯಾಗ ಇದೇ ಕಲಿಸ್ಯಾರೇನ್ರಿ?"

"ಹೂಂ, ಬೇರೇನೂ ಕಲಿಸ್ಲಿಲ್ಲ," ಎಂದೆ.

ಅತ್ತೆ ತಮ್ಮ ಮಗಳ ನಗು ನೋಡಿ ಸಂತೋಷಪಟ್ಟರು. "ಅಕಿಗಿ ಸಣ್ಣಂದಿನಿಂದ ಕುದುರಿ ಅಂದ್ರ ಜೀವ," ಎಂದು ತಮ್ಮ ಸರದಿ ಬಂದಾಗ ಪೇಟೆಯಿಂದ ಸವಾರನನ್ನೇ ಕೊಂಡರು. ಅವನು ಕೈಗೆ ಬಂದ ಮೇಲೆ, ನಾದಿನಿ ದಾಳಿ ಮಾಡಿದಾಗ, ಅವನನ್ನೇ ಬಟ್ಟಲಿಗೆ ಹಾಕಿ ಕಳಿಸಿದರು. ಇನ್ನೊಬ್ಬನನ್ನು ಕೊಂಡರು, ಕಳಿಸಿದರು. ನನ್ನ ಮಗಳಿಗೂ ನನಗೂ ಆಗ ಅರ್ಥವಾಯಿತು. ನಾವೂ ಸವಾರರನ್ನೇ ಕೊಂಡು ಕಳಿಸುವ ಉದಾರಿಗಳಾದೆವು.

ಬೇಗನೆ ನಾದಿನಿ ಎತ್ತಿಕೊಂಡ ಐದು ಎಲೆಗಳಲ್ಲಿ ಉದ್ದ ರೆಪ್ಪೆಯ ಕುದುರೆಗಳೇ ನಾಲ್ಕು ಬರತೊಡಗಿದವು. ಒಬ್ಬ ಸವಾರ ಹೊರಡುತ್ತಿದ್ದ. ಮೂವರು ಕುಳಿತು ಉಣ್ಣುತ್ತಿದ್ದರು. ಅವಳ ಬಂಗಾರವೆಲ್ಲ ಕುದುರೆಗಳ ಕಾಲಡಿ ಎಲ್ಲೋ ಸಿಕ್ಕಿಬಿದ್ದಿತ್ತು. ಕಡೆಗೆ ಪೇಟೆಯ ಕಲ್ಲುಗಳೂ ಮುಗಿದುಹೋದವು.

"ಕಲ್ಲ ಇಲ್ಲ, ಸೋದರತ್ತಿ. ನಿಮ್ಮ ಸವಾರರು ಬರೇ ಹವಾ ತಗೋಳಾಕ ಹೋಗಿ ಬರಬೇಕು," ಎಂದಳು ಮಗಳು.

"ಯವ್ವಾ, ನೀ ಬೇಕಂತ ಮಾಡಿದ್ಯೇನ?" ನಾದಿನಿ ತಾಯಿಯ ಕಡೆ ತಿರುಗಿದಳು.

"ಬೇಡಿದ್ದು ಕೊಟ್ಟರೂ ತಪ್ಪಾ?" ಎಂದ ಅತ್ತೆ ಎಲೆಗಳನ್ನು ಸೆರಗಿನಿಂದ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ. ಅವರಿಗೆ ಆಟ ತಿಳಿದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ; ಕೇಳಿದರೆ "ಹೂಂ" ಎನ್ನುತ್ತಾರೆ.

ಎಣಿಸಿದಾಗ ನಾದಿನಿಗಿಂತ ನನಗೆ ಒಂದು ಊರು ಹೆಚ್ಚಿತ್ತು. ಹೆಚ್ಚಾದದ್ದು ತೀರ ಸಣ್ಣ ಊರಿನ ಚಿತ್ರ; ನಾಲ್ಕು ಗುಡಿಸಲು, ಒಂದು ಬಾವಿ. ನಾದಿನಿ ನನ್ನ ಗಲ್ಲ ಹಿಡಿದು, "ಛಲೋ ಆತ್ರಿ ವೈನಿ, ಮಕ್ಕಳು ಓದ್ಲಿ," ಎಂದಳು. ಸಂಜೆಯ ಬಸ್ಸಿಗೆ ಸುರಪುರಕ್ಕೆ ಹೋದಳು. ನಾನು ಚಾದರ ಬಿಚ್ಚಿ, ಕರಿಹಲಗೆಯನ್ನು ಕಿಟಕಿಯ ಎದುರಿನ ಗೋಡೆಗೆ ಆನಿಸಿ, ದೂರ ನಿಂತು ನೋಡಿದೆ. ಮಲಗಿದ ಬುದ್ಧನಿಗೂ ಕಾಣುವಂತಿತ್ತು.

ಮಕ್ಕಳು ಬರಲು ಶುರುವಾದ ವಾರದಲ್ಲಿ ಒಂದು ಟೆಂಪೊ ಬಾಗಿಲಿಗೆ ಬಂದು ನಿಂತಿತು. ಚಾಲಕ ಇಳಿದು, ನನ್ನ ಕೈಗೆ ಒಂದು ಸ್ಟೀಲಿನ ಡಬ್ಬಿ ಕೊಟ್ಟ. ಇನ್ನೂ ಬೆಚ್ಚಗಿತ್ತು. ಶೇಂಗಾ ಹೋಳಿಗೆಯ ವಾಸನೆ. ನಾನು ಎರಡೂ ಕೈಯಿಂದ ಇಸಿದುಕೊಂಡೆ.

"ಸುರಪುರದ ಅಕ್ಕಾರು ಕಳಿಸ್ಯಾರ್ರಿ. ಹಿಂದ ಗಾಡ್ಯಾಗ ಒಂದು ಅಲಮಾರ ಅದರಿ. ಎಲ್ಲಿ ಇಳಸೂದು ಅಂತ ಡಬ್ಬಿ ಕೊಟ್ಟ ಮ್ಯಾಲ ಕೇಳು ಅಂದಾರ್ರಿ."

"ಡಬ್ಬಿ ಕೊಟ್ಟ ಮ್ಯಾಲ?"

"ಹೌದ್ರಿ. ಮೊದಲ ಕೇಳಬ್ಯಾಡ ಅಂತ ಬಿಟ್ಟೂಬಿಡದೆ ಹೇಳ್ಯಾರ."

ಅತ್ತೆ ಬಾಗಿಲಿಗೆ ಬಂದು ಡಬ್ಬಿಯನ್ನೂ ನನ್ನ ಮುಖವನ್ನೂ ನೋಡಿದರು. ಹೋಳಿಗೆಗೆ ಹೋಳಿಗೆ ಕೊಡುವಂತಿಲ್ಲ, ಖಾಲಿ ಕಳಿಸುವಂತಿಲ್ಲ, ಬೇಡ ಎನ್ನುವಂತಿಲ್ಲ. ಮಗಳು ಹೇಳಿದ್ದು ತಪ್ಪು: ದಾಳಿಯ ಎಲೆಯನ್ನು ಮೊದಲೇ ಇಳಿಸಬೇಕಾಗಿಲ್ಲ, ಎದುರಿನವರ ಎರಡೂ ಕೈ ತುಂಬಿದಾಗ ಇಳಿಸಿದರೆ ಸಾಕು.

"ಒಳಗ ಇಳಸ್ರಿ," ಎಂದೆ. "ಕಿಟಕಿ ಎದುರಿನ ಗ್ವಾಡಿಗಿ."

ಅಲಮಾರಕ್ಕೆ ಜಾಗ ಮಾಡಲು ಕರಿಹಲಗೆ ಮತ್ತೆ ಬಾಗಿಲ ಹಿಂದೆ ಹೋಯಿತು. ಡಬ್ಬಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತುಂಬಿ ಕಳಿಸಿದೆ. ಸಂಜೆ ಮಕ್ಕಳು ಬಂದರು. ಅಲಮಾರದ ಬಾಗಿಲು ಕಡು ಹಸಿರು; ಸೀಮೆಸುಣ್ಣದಿಂದ ಬರೆದರೆ ಕರಿಹಲಗೆಗಿಂತ ಚೆನ್ನಾಗಿ ಕಾಣುತ್ತದೆ ಎಂದು ಅವತ್ತೇ ಗೊತ್ತಾಯಿತು. ಹಿಡಿಕೆಯ ಎಡಕ್ಕೆ ದೊಡ್ಡಕ್ಷರ, ಬಲಕ್ಕೆ ಸಣ್ಣಕ್ಷರ ಬರೆಯುತ್ತೇವೆ.

ನಾದಿನಿಯ ಮನೆಗೆ ಸ್ಲ್ಯಾಬ್ ಬಿದ್ದು, ಬಣ್ಣವೂ ಆಗಿದೆ. ಮೊನ್ನೆ ಫೋನಿನಲ್ಲಿ ಕೇಳಿದಳು, "ವೈನಿ, ನನ್ನ ಅಲಮಾರ ಹ್ಯಾಂಗದ್ರಿ? ಒಯ್ಯಲೇನು?"

"ಈಗ ಒಯ್ಯಬ್ಯಾಡ್ರಿ," ಎಂದೆ. "ಇನ್ನಾ ಓದಾಕತ್ತದ."