ಅಪ್ಪ ಮೆಚ್ಚಿದ ಜರ್ಮನ್ ಬ್ಯಾಕ್

ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲೇ ಸೀರೆ ನೇಯುವ ಪವರ್‌ಲೂಮ್‌ಗಳಿದ್ದವು. ಅವುಗಳ ಸದ್ದಿಗೆ, ನಾನು ಕಾಲೇಜು ಸೇರುವ ಹೊತ್ತಿಗೆ ಅಪ್ಪನ ಕಿವಿ ಅರ್ಧ ಹೋಗಿತ್ತು. ಟಿವಿಯಲ್ಲಿ ಸಿನಿಮಾ ಬಂದರೆ ಮಾತು ತಿಳಿಯದೆ ಎದ್ದು ಹೋಗುತ್ತಿದ್ದ. ಫುಟ್‌ಬಾಲ್ ಮಾತ್ರ ಕೂತು ನೋಡುತ್ತಿದ್ದ, ಅದಕ್ಕೆ ಕಿವಿ ಬೇಕಿರಲಿಲ್ಲ.

ಜಮಖಂಡಿಯ ಕಾಲೇಜಿನಲ್ಲಿ ನಾನು ಹುಡುಗಿಯರ ತಂಡಕ್ಕೆ ಬ್ಯಾಕ್ ಆಡುತ್ತಿದ್ದೆ. ಗೋಲಿನ ಮುಂದೆ ನಿಂತು ಬರುವವರನ್ನು ತಡೆಯುವ ಕೆಲಸ. ಶನಿವಾರ ಸಂಜೆ ಜರ್ಮನಿಯ ಪಂದ್ಯಗಳು ಬರುತ್ತಿದ್ದವು. ಅಲ್ಲಿ ಒಬ್ಬ ಬ್ಯಾಕ್ ಇದ್ದ. ಕೆಳಗಿನ ಲೀಗಿನಿಂದ ಮೇಲೆ ಬಂದವನು, ದೊಡ್ಡ ತಂಡದವನೇನಲ್ಲ. ಅವನನ್ನು ನೋಡಿಯೇ ನಾನು ನಿಲ್ಲುವುದನ್ನು ಕಲಿತೆ. ಅವನು ಗಡಿಬಿಡಿ ಮಾಡುತ್ತಿರಲಿಲ್ಲ. ಎದುರಿನವನು ಅವಸರಪಡುವ ತನಕ ಕಾಯುತ್ತಿದ್ದ.

ಅಪ್ಪನಿಗೂ ಅವನೆಂದರೆ ಪ್ರಾಣ. ಹೆಸರು ಬಾಯಲ್ಲಿ ಹೊರಳುತ್ತಿರಲಿಲ್ಲ. “ಇಂವಾ ಗೋಲ್ ಹೊಡ್ಯಾಂವಲ್ಲ. ಟಿವ್ಯಾಗ ಇವನ ಮಾರಿ ತೋರ್ಸೂದ ಕಮ್ಮಿ. ಆದ್ರ ಇಂವಾ ಇಲ್ಲಂದ್ರ ಆಟ ಕೆಡತೈತಿ ನೋಡ ಮಗಳ,” ಅನ್ನುತ್ತಿದ್ದ.

ಒಂದು ಚಳಿಗಾಲದ ಪಂದ್ಯದಲ್ಲಿ ಯಾರೂ ಮುಟ್ಟದೆಯೇ ಅವನು ಬಿದ್ದ. ತಿರುಗುವಾಗ ಮೊಣಕಾಲಿನೊಳಗೆ ಎಲುಬುಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದಿತ್ತು. ಕೆಲವೇ ದಿನಗಳಲ್ಲಿ ಆಪರೇಷನ್ ಆಯಿತು. ಊರುಗೋಲು ಹಿಡಿದು ನಡೆಯುವ ಅವನ ಫೋಟೋವನ್ನು ಮೊಬೈಲಿನಲ್ಲಿ ಅಪ್ಪನಿಗೆ ತೋರಿಸುತ್ತಿದ್ದೆ. ಹತ್ತಿರ ಹತ್ತಿರ ವರ್ಷ ಕಳೆದ ಮೇಲೆ ಅವನು ಮತ್ತೆ ಆಡಲು ಬಂದಾಗ ಅಪ್ಪ ಲೂಮ್ ನಿಲ್ಲಿಸಿ ಬಂದು ಕೂತ.

ಅದರ ಮುಂದಿನ ಬೇಸಿಗೆಯಲ್ಲಿ ಮುಧೋಳದಲ್ಲಿ ನಮ್ಮ ಪಂದ್ಯವಿತ್ತು. ಎರೆಮಣ್ಣಿನ ಮೈದಾನ ಬಿಸಿಲಿಗೆ ಬಿರುಕು ಬಿಟ್ಟಿತ್ತು. ನಾನು ತಿರುಗಿದೆ, ಬೂಟು ಬಿರುಕಿನಲ್ಲಿ ಸಿಕ್ಕಿತು, ಮೈ ತಿರುಗಿದರೂ ಕಾಲು ತಿರುಗಲಿಲ್ಲ. ಬಲ ಮೊಣಕಾಲಿನೊಳಗೆ ಏನೋ ಟಕ್ ಎಂದಿತು.

ಮಿರಜದ ಆಸ್ಪತ್ರೆಯಲ್ಲಿ ಡಾಕ್ಟರರು ಸ್ಕ್ಯಾನ್ ಮಾಡಿಸಿ ನೋಡಿ, “ಆಪರೇಷನ್ ಮಾಡಿದ್ರ ಮತ್ತ ಓಡ್ತಾಳ. ತಡಾ ಮಾಡಬ್ಯಾಡ್ರಿ,” ಅಂದರು. ಅಪ್ಪ ಹೂಂ ಅಂದೇ ಬಂದಿದ್ದ. ಮನೆಯಲ್ಲಿ ಅವ್ವ ಒಪ್ಪಲಿಲ್ಲ.

“ಕಾಲ ಕೊಯ್ಸಿದ ಹುಡುಗಿ ಅಂತ ಒಮ್ಮೆ ಸುದ್ದಿ ಹಬ್ಬಿದ್ರ ನಾಳೆ ನೋಡಾಕ ಯಾರ ಬರ್ತಾರ?”

ಅವ್ವ ಕೆಟ್ಟವಳಲ್ಲ. ಅವಳ ತಂಗಿ ಸ್ವಲ್ಪ ಕಾಲೆಳೆದು ನಡೆಯುತ್ತಿದ್ದಳೆಂದು ನಿಶ್ಚಯವಾದ ಮದುವೆಯೇ ಮುರಿದಿತ್ತು. ಅಪ್ಪನಿಗೆ ಮೊದಲ ಸಲ ಕೇಳಿಸಲಿಲ್ಲ. ಅವ್ವ ಕಿವಿಯ ಹತ್ತಿರ ಬಂದು ಮತ್ತೆ ಹೇಳಿದಳು. ಅಪ್ಪ ನನ್ನ ಕಡೆ ಒಮ್ಮೆ ನೋಡಿ ಲೂಮಿನತ್ತ ಹೋದ. ಆಪರೇಷನ್ನಿನ ಮಾತು ಅಲ್ಲಿಗೆ ನಿಂತಿತು. ತೇರದಾಳದಲ್ಲಿ ಎಣ್ಣೆ ತಿಕ್ಕಿ ಪಟ್ಟಿ ಕಟ್ಟುವವರ ಹತ್ತಿರ ಕರೆದೊಯ್ದರು. ಬಾವು ಇಳಿಯಿತು, ಬಿಗಿ ಉಳಿಯಿತು. ನಾನು ಮತ್ತೆ ಆಡಲಿಲ್ಲ.

ಡಿಗ್ರಿ ಮುಗಿದ ಮೇಲೆ ರಬಕವಿಯಿಂದ ಒಂದು ಮನೆಯವರು ನೋಡಲು ಬಂದರು. ಚಹಾ ಕೊಡುವ ತನಕ ಎಲ್ಲ ಸರಿಯಿತ್ತು. ಹಿರಿಯರ ಕಾಲಿಗೆ ಬೀಳು ಅಂದರು. ಬಾಗಿದೆ, ಮೊಣಕಾಲು ಮಡಚಲಿಲ್ಲ. ಗೋಡೆಗೆ ಕೈ ಕೊಟ್ಟು ಎದ್ದೆ. ಹಿರಿಯರು ಉಳಿದ ಚಹಾ ಕುಡಿದರು. ಆಮೇಲೆ ಅವರಿಂದ ಸುದ್ದಿ ಬರಲಿಲ್ಲ. ಅವ್ವ ಆ ದಿನ ಉಣ್ಣಲಿಲ್ಲ.

ಜಮಖಂಡಿಯಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಟೈಪ್ ಮಾಡುವ ಕೆಲಸಕ್ಕೆ ಸೇರಿದೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು.

ಅತ್ತ ಆ ಜರ್ಮನ್ ಬ್ಯಾಕ್ ಆಡುತ್ತಲೇ ಇದ್ದ, ಆದರೆ ಅರ್ಧ ಹೆಜ್ಜೆ ತಡವಾಗುತ್ತಿತ್ತು. ಅವನ ತಂಡ ಸೋತು ಕೆಳಗಿನ ಲೀಗಿಗೆ ಇಳಿಯಿತು. ಆಮೇಲೆ ಇನ್ನೂ ಸಣ್ಣ ತಂಡಕ್ಕೆ ಹೋದ. ಅಲ್ಲಿ ಹೆಚ್ಚು ಕಾಲ ಬೆಂಚಿನ ಮೇಲೇ ಕಳೆದ. ಟಿವಿಯಲ್ಲಿ ಬರುವುದು ನಿಂತಿತು. ಹೋದ ವರ್ಷದ ಹಿಂದಿನ ವರ್ಷ ತಂಡದವರು ಅವನ ಕರಾರು ಮುಂದುವರಿಸಲಿಲ್ಲ. ಬೀಳ್ಕೊಡುಗೆಯ ಆಟವೂ ಇರಲಿಲ್ಲ. ಒಂದು ಸಣ್ಣ ಸುದ್ದಿ ಬಂತು, ಅಷ್ಟೇ.

ಅಪ್ಪನಿಗೆ ಹೇಳಿದೆ: “ಅಪ್ಪಾ, ಅಂವಾ ಆಟಾ ಬಿಟ್ನಂತ.”

“ಅಷ್ಟ ಛಲೋ ಆಪರೇಷನ್ ಮಾಡ್ಸಿದ್ರೂ ಬಿಟ್ಟ?”

“ಮಾಡ್ಸಿದಮ್ಯಾಲ ಐದಾರ ವರ್ಸ ಆಡ್ಯಾನಲ್ಲಪ್ಪಾ.”

ಅಪ್ಪನಿಗೆ ಕೇಳಿಸಿತು. ಕೇಳಿಸದಿದ್ದರೆ ಅವನು ಏನಂದಿ ಎಂದು ಕಿವಿ ಮುಂದೆ ತರುತ್ತಾನೆ. ಅವತ್ತು ತರಲಿಲ್ಲ. ಮರುದಿನ ಬೆಳಿಗ್ಗೆ ಮೈ ತೊಳೆದು ಬಿಳಿ ಅಂಗಿ ಹಾಕಿಕೊಂಡು ಬಂದು, “ಮಿರಜಿಗೆ ಹೋಗೂಣು ನಡಿ,” ಅಂದ. ಅವ್ವ ಬುತ್ತಿ ಕಟ್ಟಿಕೊಟ್ಟಳು.

ಡಾಕ್ಟರರು ಬೇರೆಯವರಿದ್ದರು. ಕಾಲು ಮಡಚಿ, ಎಳೆದು, ಬಹಳ ಮೆಲ್ಲಗೆ ಮಾತಾಡಿದರು. ಹೊರಗೆ ಬಂದ ಮೇಲೆ ಅಪ್ಪ ಕೇಳಿದ, “ಏನಂದ್ರು?”

ಸಾಲುಗಟ್ಟಿ ಕೂತವರ ನಡುವೆ ನಾನು ಅವನ ಕಿವಿಗೆ ಜೋರಾಗಿ ಹೇಳಬೇಕಾಯಿತು: “ಒಳಗ ಎಲುಬು ಸವದೈತಂತ. ಆಪರೇಷನ್ ಮಾಡಿದ್ರ ನೋವು ಕಮ್ಮಿ ಅಕ್ಕೈತಿ. ಓಡಾಕ ಆಗಾಂಗಿಲ್ಲಂತ!”

ಎಲ್ಲರೂ ತಿರುಗಿ ನೋಡಿದರು. ಅಪ್ಪ ತಲೆ ಅಲ್ಲಾಡಿಸಿದ. ನನ್ನ ಕೈಚೀಲ ತಾನೇ ತೆಗೆದುಕೊಂಡು, ನನಗಿಂತ ಮೆಲ್ಲಗೆ ನಡೆಯತೊಡಗಿದ.

ದೀಪಾವಳಿ ಕಳೆದ ಮೇಲೆ ಆಪರೇಷನ್ ಆಯಿತು. ಈಗ ನೆಲಕ್ಕೆ ಕೂತು ಉಣ್ಣಬಲ್ಲೆ. ಚಳಿ ಬಿದ್ದಾಗ ಮಾತ್ರ ನೋಯುತ್ತದೆ. ಕಾಲು ಹೆಂಗೈತಿ ಎಂದು ಅಪ್ಪ ದಿನವೂ ವಿಚಾರಿಸುತ್ತಾನೆ. ಛಲೋ ಐತಿ ಎಂದು ಕೈಸನ್ನೆ ಮಾಡಿ ಹೇಳುತ್ತೇನೆ. ಅವನು ನಂಬಿದಂತೆ ಕಾಣುವುದಿಲ್ಲ.