ಅಕ್ಕನ ಗುಂಡಿಯ ಸುಳ್ಳು ಜೇನು

ಇವತ್ತು ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದೆನೋ ಇಲ್ಲವೋ, ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯಿತು. ಯಾರೋ ದೊಡ್ಡವರು ಬರುವವರಿದ್ದರು. ಪ್ಲಾಟ್‌ಫಾರಂ ಉದ್ದಕ್ಕೂ ಬಿಳಿ ಗೆರೆ ಎಳೆದಿದ್ದರು. ನಮ್ಮ ಕಡೆ ಮರ್ಯಾದೆಯ ಬಣ್ಣವೇ ಅದು, ನಿಮಗೂ ಗೊತ್ತಿರಬೇಕು. ಮಂತ್ರಿ ಬರಲಿ, ಡಿ.ಸಿ. ಬರಲಿ, ಮೊದಲು ಚರಂಡಿಯ ಎರಡೂ ಬದಿಗೆ ಪೌಡರು ಬೀಳಬೇಕು. ಹೂವಿನ ಹಾರ ಆಮೇಲೆ. ಜನ ಮೂಗಿಗೆ ಕರ್ಚೀಫು ಹಿಡಿದು ಓಡಾಡುತ್ತಿದ್ದರು. ನಾನು ಮಾತ್ರ ಸಿಕ್ಕಿಬಿದ್ದ ಕಳ್ಳನ ಹಾಗೆ ತಲೆ ತಗ್ಗಿಸಿ ಹೊರಗೆ ಬಂದೆ. ಕಾರಣ ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ನೀವು ನಕ್ಕರೆ ನಗಿ.

ನಾನು ಕೆಜಿಎಫ್‌ನ ಶಾಲೆಯೊಂದರಲ್ಲಿ ಬಯಾಲಜಿ ಮೇಷ್ಟರಾಗಿದ್ದೆ. ಜೀವಂತ ಪ್ರಾಣಿಯನ್ನು ಒಮ್ಮೆಯೂ ಸರಿಯಾಗಿ ನೋಡದೆ ಜೀವಶಾಸ್ತ್ರ ಕಲಿಸಬಹುದು ಎಂಬುದಕ್ಕೆ ನಾನೇ ಸಾಕ್ಷಿ. ಕಪ್ಪೆ ಬಾಟಲಿಯಲ್ಲಿತ್ತು, ನೊಣ ಚಾರ್ಟಿನಲ್ಲಿತ್ತು, ನಾನು ಕುರ್ಚಿಯಲ್ಲಿದ್ದೆ. ನಿವೃತ್ತಿಯಾದರೂ ಮೇಷ್ಟರುತನ ಹೋಗಲಿಲ್ಲ. ಮೂರು ವರ್ಷದ ಹಿಂದೆ ಒಂದು ದಿನ ಸೆಲ್ವಿ ಮನೆಗೆ ಬಂದಳು. ಗಣಿ ಕೆಲಸಗಾರರ ಕೋರಮಂಡಲ್ ಲೈನಿನ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ. ಅವಳ ತಾತ ಗಣಿಯೊಳಗೆ ಇಳಿದು ಚಿನ್ನ ಹುಡುಕಿದವರು. ಇವಳು ಬಲೆ ಹಿಡಿದು ನೊಣ ಹುಡುಕುತ್ತಿದ್ದಳು. ನೊಣದ ಮೇಲೆ ಪಿಎಚ್.ಡಿ. ಎಂದಾಗ ನಗು ನುಂಗಿಕೊಂಡು, "ಒಳ್ಳೇದಾಗ್ಲಮ್ಮ" ಅಂದೆ. ಎಲ್ಲಾದರೂ ಜೌಗು ಜಾಗ ಇದೆಯೇ ಎಂದು ಕೇಳಿದಳು. ಅಕ್ಕನ ಊರಿನ ಕೆರೆ ನೆನಪಾಯಿತು, ಕರೆದುಕೊಂಡು ಹೋದೆ.

ಅಕ್ಕನ ಊರು ಬಂಗಾರಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ನಾಲ್ಕು ಸೀಮೆಹಸು, ಎರಡು ಹೊತ್ತೂ ಡೈರಿಗೆ ಹಾಲು. ಕೊಟ್ಟಿಗೆ ತೊಳೆದ ನೀರು, ಗಂಜಲ, ಸಗಣಿ ಎಲ್ಲ ಹಿತ್ತಲಾಚೆ ಕೆರೆಯಂಚಿನ ಜೊಂಡಿನ ಗುಂಡಿಗೆ ಹೋಗಿ ನಿಲ್ಲುತ್ತಿತ್ತು. ನೆಂಟರು ಬಂದರೆ ಅಕ್ಕ ಮೊದಲು ಹಿತ್ತಲ ಬಾಗಿಲು ಹಾಕುತ್ತಿದ್ದಳು. ಅಕ್ಕ ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಸೆಲ್ವಿ ಅದೇ ಬಾಗಿಲು ತೆಗೆದು ಹೋದಳು. ಸ್ವಲ್ಪ ಹೊತ್ತಿಗೆ, "ಸಾರ್, ಅಲ್ಲಾಡ್ಬೇಡಿ!" ಎಂದಳು. ಜೊಂಡಿನ ಪಕ್ಕ ಒಂದು ಜೇನು ಗಾಳಿಗೆ ಮೊಳೆ ಹೊಡೆದಂತೆ ನಿಂತಲ್ಲೇ ನಿಂತಿತ್ತು.

"ಜೇನಲ್ಲ ಸಾರ್, ನೊಣ. ಎರಡೇ ರೆಕ್ಕೆ. ಮುಳ್ಳಿಲ್ಲ, ವೇಷ ಮಾತ್ರ."

"ಅಂಗಾದ್ರೆ ಸುಳ್ಳು ಜೇನು ಅನ್ನು," ಎಂದಳು ಅಕ್ಕ.

ಆ ವೇಷ ನೋಡಿ ಹಕ್ಕಿಗಳು ದೂರ ಇರುತ್ತವಂತೆ. ಮರಿಗಳ ಸಂಸಾರ ಇನ್ನೂ ಸೊಗಸು. ಕೊಳೆತ ನೀರಿನ ತಳದಲ್ಲಿ ಬಿದ್ದುಕೊಂಡು, ಮೈಗಿಂತ ಉದ್ದದ ಬಾಲವನ್ನು ಪೈಪಿನ ಹಾಗೆ ಮೇಲಕ್ಕೆ ಚಾಚಿ ಅದರಲ್ಲೇ ಉಸಿರಾಡುತ್ತವೆ. ಬಲಿತ ಮೇಲೆ ದಡದ ಮಣ್ಣಿಗೆ ತೆವಳಿ ಗೂಡುಕಟ್ಟುತ್ತವೆ. ರೆಕ್ಕೆ ಬಂದ ಮೇಲೆ ಹೂವು ಬಿಟ್ಟು ಬೇರೆ ಕಡೆ ಕೂರುವುದೇ ಅಪರೂಪ, ಹುಟ್ಟಿದ ಗುಂಡಿಯ ನೆನಪೂ ಇದ್ದಂತೆ ಕಾಣದು. ಈ ಜಾತಿಯದಂತೂ ಜೌಗು ಬಿಟ್ಟು ಬದುಕುವುದಿಲ್ಲ. ಸೆಲ್ವಿ ಎರಡು ವರ್ಷ ಅಲೆದು ಕಂಡದ್ದು ಇದೊಂದನ್ನೇ. ಗುಂಡಿಯಲ್ಲಿ ಬಾಲದ ಹುಳುಗಳೂ ಇದ್ದವು. ಅವನ್ನು ಸಾಕಿ, ರೆಕ್ಕೆ ಬಂದ ಮೇಲೆ ಇದರ ಮರಿಗಳೇ ಎಂದು ತೋರಿಸಿದರೆ ಆ ಅಪರೂಪದ ನೊಣದ ತವರು ಇದೇ ಎಂದಾಗುತ್ತಿತ್ತು, ಅವಳ ಎರಡು ವರ್ಷದ ಅಲೆದಾಟ ಸಾರ್ಥಕವಾಗುತ್ತಿತ್ತು. ಇಲ್ಲವಾದರೆ ದಾರಿ ತಪ್ಪಿ ಬಂದ ಒಂದು ನೊಣ, ಅಷ್ಟೇ.

"ಮರಿಗಳು ಇನ್ನೂ ಎಳೇವು ಸಾರ್, ಈಗ ಎತ್ತಿದ್ರೆ ಸತ್ತೋಗ್ತವೆ. ಎಂಟು ದಿನ ಬಿಟ್ಟು ನಮ್ಮ ಪ್ರೊಫೆಸರನ್ನೂ ಕರ್ಕೊಂಡು ಬರ್ತೀನಿ," ಎಂದು ಹೊರಟಳು. ಗುಂಡಿ ಮುಟ್ಟಬೇಡಿ ಎಂದು ಹೇಳಲಿಲ್ಲ. ಅದನ್ನು ಯಾರಾದರೂ ಮುಟ್ಟಿಯಾರು ಎಂದು ಯಾರಿಗೆ ತಾನೆ ಹೊಳೆದೀತು?

ನನಗೆ ಹೊಳೆಯಿತು. ಪ್ರೊಫೆಸರು ಬರುತ್ತಿದ್ದಾರೆ! ಆ ನಾತಕ್ಕೆ ಅವರು ಮೂಗು ಮುಚ್ಚಿಕೊಂಡರೆ ನಮ್ಮ ಮಾನ ಏನಾಗಬೇಕು? ಅವರು ಬರುವ ಹಿಂದಿನ ದಿನವೇ ಹೋಗಿ, ಪಂಚಾಯಿತಿಯಲ್ಲಿ ಪರಿಚಯದವರನ್ನು ಹಿಡಿದು ಅರ್ಧ ಮೂಟೆ ಪೌಡರು ತಂದೆ. ಜೊಂಡು ಸವರಿಸಿದೆ. ಗುಂಡಿಯ ಸುತ್ತ ನನ್ನ ಕೈಯಾರೆ ಬಿಳಿ ಗೆರೆ ಎಳೆದೆ.

"ಲೋ, ಆ ಉಳಕ್ಕೇನಾರ ಆದ್ರೆ?" ಎಂದಳು ಅಕ್ಕ.

"ಬಯಾಲಜಿ ಮೇಷ್ಟ್ರು ನೀನಾ, ನಾನಾ?"

"ನೀನೇ ಕಣಪ್ಪ. ನಾನು ಸಗಣಿ ಬಾಚೋಳು," ಎಂದು ಒಳಗೆ ಹೋದಳು.

ಗೆರೆ ಎಳೆದ ಮೇಲೂ ಪೌಡರು ಉಳಿದಿತ್ತು. ಸುಮ್ಮನೆ ಏಕೆ ಹಾಳುಮಾಡುವುದೆಂದು ನೀರಿಗೂ ನಾಲ್ಕು ಬೊಗಸೆ ಎರಚಿದೆ.

ಮರುದಿನ ಪ್ರೊಫೆಸರು ಬಂದವರೇ, "ಹಳ್ಳಿ ಅಂದ್ರೆ ಹೀಗಿರ್ಬೇಕು ನೋಡಿ, ಎಷ್ಟು ನೀಟಾಗಿದೆ!" ಎಂದರು. ನಾನು ಪೂರಿಯ ಹಾಗೆ ಉಬ್ಬಿದೆ. ಸೆಲ್ವಿ ಗುಂಡಿಯ ಬಳಿ ಕುಕ್ಕರುಗಾಲಲ್ಲಿ ಕೂತು ಟೀ ಸೋಸುವ ಜಾಲರಿ ಅದ್ದಿದಳು. ಹುಳುಗಳು ಬಂದವು, ಬಾಲ ಸಮೇತ. ಒಂದೂ ಅಲ್ಲಾಡಲಿಲ್ಲ.

"ಪೌಡರ್ ಹಾಕಿದ್ರಾ ಸಾರ್?"

"ಹೂಂ ಕಣಮ್ಮ. ನೀವು ಬರ್ತೀರಲ್ಲಾ ಅಂತ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಎಂಟನೇ ಕ್ಲಾಸಲ್ಲಿ ನೀವೇ ಬರೆಸಿದ್ದು ಸಾರ್," ಎಂದಳು. "ನೊಣಗಳ ನಿವಾರಣೆ ಹೇಗೆ? ನಿಂತ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಬೇಕು. ನಂಗೆ ಎರಡಕ್ಕೆ ಎರಡು ಮಾರ್ಕು ಕೊಟ್ಟಿದ್ರಿ." ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಕೆಜಿಎಫ್‌ನವನಿಗೆ ಅದು ಅಂಥ ಅತಿಯಾಸೆಯೂ ಅಲ್ಲ.

ಮಳೆ ಬಂತು, ಗುಂಡಿ ತುಂಬಿತು, ನಾತವೂ ಮರಳಿತು. ಸೆಲ್ವಿ ಇಡೀ ವರ್ಷ ವಾರವಾರ ಬಂದಳು. ನಾನೂ ಕೊಡೆ ಹಿಡಿದು ಅವಳ ಪಕ್ಕ ಕೂತೆ. ಹಾರುವ ಹುಳುವಿನ ರೆಕ್ಕೆ ಎಣಿಸುವುದನ್ನು ಅರವತ್ತು ದಾಟಿದ ಮೇಲೆ ಶಿಷ್ಯೆಯಿಂದ ಕಲಿತೆ. ಬೇರೆ ಬೇರೆ ಸುಳ್ಳು ಜೇನುಗಳು ಬಂದವು, ಅದು ಬರಲಿಲ್ಲ. ಕೊನೆಗೆ ಅವಳು ಇದ್ದಷ್ಟರಲ್ಲೇ ಬರೆದು ಮುಗಿಸಿದಳು.

ಅವಳ ಥೀಸಿಸ್ಸಿನ ಪ್ರತಿ ಮೊನ್ನೆ ಅಂಚೆಯಲ್ಲಿ ಬಂತು. ಇವತ್ತು ಸ್ಟೇಷನ್ನಿನಿಂದ ಅದನ್ನು ಹಿಡಿದು ನೇರ ಅಕ್ಕನ ಮನೆಗೇ ಹೋದೆ. ಮೊದಲ ಪುಟದ ಕೃತಜ್ಞತೆಯಲ್ಲಿ ನನ್ನ ಹೆಸರಿತ್ತು: ಜೀವಶಾಸ್ತ್ರವನ್ನು ಮೊದಲು ಕಲಿಸಿದ, ಈ ಜಾಗವನ್ನು ತೋರಿಸಿದ ಗುರುಗಳು. ಅಕ್ಕನಿಗೆ ಎರಡು ಸಲ ಕನ್ನಡದಲ್ಲಿ ಓದಿ ಹೇಳಿದೆ.

ಅವಳು ಹಾಲಿನ ಕ್ಯಾನು ತೊಳೆಯುತ್ತಾ, "ನನ್ ಗುಂಡಿ ಇಸ್ಯ ಏನ್ ಬರ್ದವ್ಳೆ?" ಎಂದಳು.

ಪುಟ ಹುಡುಕಿದೆ. ಎರಡೇ ಸಾಲು. ಒಂದು ಹೆಣ್ಣು ನೊಣ ಒಮ್ಮೆ ಮಾತ್ರ ಕಂಡಿತು. ಮನುಷ್ಯರ ಹಸ್ತಕ್ಷೇಪದಿಂದ ಆ ನೆಲೆ ಹಾಳಾಯಿತು. ಅದನ್ನೂ ಓದಿದೆ.

"ಅಸ್ತಕ್ಷೇಪ ಅಂದ್ರೇನ್ಲಾ?"

ಮೇಷ್ಟರ ಹಾಗೆ ವಿವರಿಸಲು ಬಾಯಿ ತೆರೆದೆ. ಫ್ಯಾಕ್ಟರಿ, ಕೀಟನಾಶಕ, ಲೇಔಟು, ಎಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಅಕ್ಕ ಕ್ಯಾನು ಬೋರಲು ಹಾಕಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾನು ಕಣಕ್ಕ," ಅಂದೆ.