ಕಚೇರಿ ಕತೆಯ ಹುಡುಗಿಗೆ ಮುಯ್ಯಿ

ದುದ್ದದ ಕೆಂಪಸಿದ್ದಯ್ಯನಿಗೆ ಸ್ವಂತದ್ದು ಅಂತ ಇದ್ದದ್ದು ಒಂದು ಗಾಡಿ, ಒಂದು ಜೊತೆ ಎತ್ತು, ಮತ್ತೆ ಒಂದು ಬಾಯಿ. ಗಾಡಿಗೆ ಊರವರ ಕಬ್ಬು ಹೇರಿಕೊಂಡು ಮಂಡ್ಯದ ಸಕ್ಕರೆ ಫ್ಯಾಕ್ಟರಿಗೆ ಬಾಡಿಗೆ ಹೊಡೆಯುತ್ತಿದ್ದ. ಬಾಯಿಯ ದುಡಿಮೆಗೆ ಮಾತ್ರ ಬಾಡಿಗೆ ಇರಲಿಲ್ಲ. ಅರೆಯುವ ಕಾಲ ಬಂತೆಂದರೆ ಕಬ್ಬು ತೂಗುವ ಕಟ್ಟೆಯಿಂದ ದೊಡ್ಡ ರಸ್ತೆಯವರೆಗೂ ಗಾಡಿ ಸಾಲು. ಬೆಳಿಗ್ಗೆ ಬಂದು ನಿಂತವನಿಗೆ ಎಲೆ ಅಡಿಕೆ ಜಗಿಯುವುದು, ಎತ್ತಿಗೆ ಬೈಯುವುದು ಬಿಟ್ಟರೆ ಬೇರೆ ಕೆಲಸವೇನಿದೆ? ಅಂಥ ಕಡೆ ಕತೆ ಹೇಳಬಲ್ಲವನೊಬ್ಬ ಸಿಕ್ಕರೆ ಬಿಡುತ್ತಾರೆಯೇ!

ಅವನು ಹೇಳುತ್ತಿದ್ದದ್ದು ದೇವರ ಕತೆಯಲ್ಲ, ರಾಜರ ಕತೆಯೂ ಅಲ್ಲ. ಕಚೇರಿಯ ಕತೆ. ಹುಡುಗುವಯಸ್ಸಿನಲ್ಲಿ ಮಳವಳ್ಳಿ ಕಡೆ ಯಾವುದೋ ಕಚೇರಿಯಲ್ಲಿ ಸೂರಿಗೆ ತೂಗುಹಾಕಿದ ಪಂಕ ಎಳೆದು ಸಾಹೇಬರಿಗೆ ಗಾಳಿ ಹಾಕುತ್ತಿದ್ದನಂತೆ. ಪಂಕ ಎಳೆಯುವವನನ್ನು ಯಾರು ತಿರುಗಿ ನೋಡುತ್ತಾರೆ? ಅವನೆದುರಿಗೇ ಎಲ್ಲಾ ಮಾತೂ ಆಗುತ್ತಿತ್ತು. ಅದಕ್ಕೆಲ್ಲ ಉಪ್ಪುಖಾರ ಹಚ್ಚಿ ತನ್ನದೇ ಒಂದು ಕಚೇರಿ ಕಟ್ಟಿದ್ದ. ಅಲ್ಲೊಬ್ಬ ಶಿರಸ್ತೇದಾರರು. ಅರ್ಜಿಗೆ ಹೂಂ ಅನ್ನಬೇಕಾದ ಗಳಿಗೆಗೆ ಸರಿಯಾಗಿ ನಶ್ಯ ಏರಿಸಿ ಸೀನುತ್ತಿದ್ದರು. ಅರ್ಜಿ ತಂದವನು ಅಪಶಕುನವಾಯಿತೆಂದು ತಾನೇ ಎದ್ದು ಹೋಗುತ್ತಿದ್ದ. ಒಬ್ಬ ಜವಾನ, ಕರಿಯಯ್ಯ. ನಿಂತಲ್ಲೇ ನಿದ್ದೆ ಹೊಡೆದು, ಗಂಟೆ ಸದ್ದಿಗೆ ಬೆಚ್ಚಿಬಿದ್ದು ಗೋಡೆಗೆ ಸಲಾಮು ಹಾಕುವವನು. ಒಬ್ಬ ಚಿಕ್ಕ ಗುಮಾಸ್ತ, ಕರಿಯಯ್ಯನ ಕುಲದ ಹುಡುಗನೇ, ನಾಲ್ಕಕ್ಷರ ಕಲಿತವನು, ಮಾತಾಡಬೇಕಾದರೆ ಬೆವರುವವನು. ಇವರೆಲ್ಲರ ಮೇಲೆ ಕರಿಯಯ್ಯನ ಮಗಳು ಮುದ್ದಮ್ಮ. ಅಪ್ಪನಿಗೆ ಬುತ್ತಿ ತಂದವಳು ಶಿರಸ್ತೇದಾರರನ್ನೂ ಬಿಡದೆ ಇಡೀ ಕಚೇರಿಯ ನೀರಿಳಿಸಿ ಹೋಗುತ್ತಿದ್ದಳು. ಕೆಂಪಸಿದ್ದಯ್ಯನ ಗಾಡಿ ತೂಕಕ್ಕೆ ಹತ್ತಿತೆಂದರೆ ಕತೆ ನಿಂತಿತು. ಮಿಕ್ಕಿದ್ದು ಮುಂದಿನ ಸಲ ಕಬ್ಬು ತಂದಾಗ.

ಸಾಲಿನವರಿಗೆ ತಿಳಿಯದಿದ್ದ ಸಂಗತಿ ಒಂದಿತ್ತು. ಮುದ್ದಮ್ಮ ಅನ್ನುವವಳು ನಿಜವಾಗಿ ಇದ್ದಳು. ಕೆಂಪಸಿದ್ದಯ್ಯನ ಒಬ್ಬಳೇ ಮಗಳು. ನಾಲೆ ನೀರು ಬಂದ ಹೊಸದರಲ್ಲಿ ಚಳಿಜ್ವರ ಹಟ್ಟಿಹಟ್ಟಿಗಳನ್ನೇ ಮಲಗಿಸಿತಲ್ಲ, ಆಗ ಹೋದಳು. ಇನ್ನೂ ಲಂಗ ಉಡುತ್ತಿದ್ದ ಕೂಸು. ಅವತ್ತಿನಿಂದ ಅವನ ಹೆಂಡತಿ ಪಟ್ಟಲಮ್ಮ ಆ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಅವಳು ಆಡದಿದ್ದ ಮೇಲೆ ಇವನೂ ಆಡುವಂತಿಲ್ಲ. ಹೆತ್ತ ಮಗಳ ಹೆಸರು ಕೂಗಲು ಈ ಪುಣ್ಯಾತ್ಮನಿಗೆ ಸಿಕ್ಕ ಜಾಗ ಗಾಡಿ ಸಾಲು ಒಂದೇ. ಅಲ್ಲಿ ಅವಳು ಬೆಳೆದಳು, ಸೀರೆ ಉಟ್ಟಳು, ಬಾಯಿ ಕಲಿತಳು. ನಾಲ್ಕು ಜನ ಅವಳ ಮಾತಿಗೆ ನಕ್ಕರೆ ಅವನಿಗೆ ಊಟ ಮಾಡಿದಷ್ಟು ತೃಪ್ತಿಯಾಗುತ್ತಿತ್ತು.

ಕತೆ ಕೇಳಿದವರಾದರೂ ಸುಮ್ಮನಿದ್ದರೇ? ಮರುದಿನ ಎತ್ತಿನ ಕೊರಳು ಬಿಚ್ಚುವ ಮೊದಲೇ ಶುರು.

"ನೆನ್ನೆ ಆ ಗುಮಾಸ್ತ ನೀರು ಕುಡಿಯಕ್ಕೆ ಅಂತ ಎಷ್ಟು ಸಲ ಒರಕ್ಕೆ ಬಂದ ನೋಡ್ದಾ?" ಅಂದ ಬಸರಾಳಿನ ಹುಚ್ಚೀರಯ್ಯ. ಗಾಡಿ ಸಾಲಿಗೆಲ್ಲ ಇವನದೇ ದೊಡ್ಡ ಗಂಟಲು.

"ಬ್ಯಾಸಿಗೆ ಕಣ್ಲಾ, ಬಾಯಾರಿತ್ತು," ಅಂದ ಅವನ ಜೊತೆಗಾರ ದೇವಯ್ಯ.

"ಥೂ ನಿನ್ನ. ಎತ್ತಿನ ಬಾಯಾರಿಕೆ ಬುಟ್ಟು ನಿಂಗೆ ಇನ್ನೇನು ಗೊತ್ತು? ಮುದ್ದಮ್ಮ ಬುತ್ತಿ ತರೋ ಒತ್ತಿಗೇ ಬಾಯಾರ್ತದಲ್ಲ, ಅದ್ಯಾವ ಬಾಯಾರಿಕೆ ಏಳು."

ಸಾಲಿನಲ್ಲಿ ಮಜ್ಜಿಗೆ ಮಾರುತ್ತಿದ್ದ ದೇವಿರಮ್ಮನಿಗೆ ಈ ಸಂಬಂಧ ಸುತರಾಂ ಒಪ್ಪಿಗೆಯಿರಲಿಲ್ಲ. "ಅಂಥ ಗಟ್ಟಿಗಿತ್ತೀನ ಆ ಬೆವರೋ ಗಂಡಿಗೆ ಕೊಡ್ತೀರೇನ್ರಪ್ಪಾ? ಕಣ್ಣಲ್ಲಿ ನೋಡಿ ನೋಡಿ ಬಾವಿಗೆ ತಳ್ಳದಾ?"

"ಬೆವರಿದ್ರೇನು ಕಣಮ್ಮ, ಕುಡಿಯೋನಲ್ಲ, ಒಡೆಯೋನಲ್ಲ," ಎಂದು ಹುಚ್ಚೀರಯ್ಯ ವಾದಕ್ಕೆ ನಿಂತ. ಮಾತಿನ ಭರದಲ್ಲಿ ಮುಂದಿನ ಗಾಡಿ ಸರಿದದ್ದೇ ಗೊತ್ತಾಗಲಿಲ್ಲ. ಹಿಂದಿನವನು ನುಗ್ಗಿ ಅವನ ಜಾಗ ಹಿಡಿದ. ಹುಚ್ಚೀರಯ್ಯ ಅವನನ್ನೂ ವಾದಕ್ಕೆ ಸೇರಿಸಿಕೊಂಡ. ಕೊನೆಗೆ ಎಲ್ಲರೂ ಕೆಂಪಸಿದ್ದಯ್ಯನ ಕಡೆ ತಿರುಗಿದರು. "ಅಣ್ಣ, ಮದ್ವೆ ಯಾವಾಗ?"

ಕೆಂಪಸಿದ್ದಯ್ಯನಿಗೆ ಈ ಮದುವೆ ಬೇಡವಾಗಿತ್ತು. ಮದುವೆಯಾದರೆ ಹುಡುಗಿ ಗಂಡನ ಮನೆ ಸೇರುತ್ತಾಳೆ. ಆಮೇಲೆ ಕಚೇರಿಗೆ ಬುತ್ತಿ ತರುವವಳು ಯಾರು? ಒಂದು ಸಲ ಕಳುಹಿಸಿಕೊಟ್ಟದ್ದು ಸಾಲದೇ? ಆದಷ್ಟು ಎಳೆದ. ಮಾತುಕತೆಗೆ ಕೂತಾಗ ಶಿರಸ್ತೇದಾರರು ಸೀನಿಬಿಟ್ಟರು ಅಂದ. ಆಮೇಲೆ ಆಷಾಢ ಬಂತು ಅಂದ. ಆಮೇಲೆ ಗುಮಾಸ್ತನ ಸೋದರತ್ತೆ ಮುನಿಸಿಕೊಂಡಳು ಅಂದ. ಕೇಳುವವರು ಅಷ್ಟು ಪೆದ್ದರೇ?

ಒಂದು ದಿನ ಹುಚ್ಚೀರಯ್ಯ ಹೆಗಲ ಮೇಲಿನ ವಲ್ಲಿಯನ್ನು ನೆಲದ ಮೇಲೆ ಹಾಸಿ, ಎರಡು ತೆಂಗಿನಕಾಯಿ, ಬೆಲ್ಲದಚ್ಚು ಇಟ್ಟ. "ಮುದ್ದಮ್ಮನ ಮದ್ವೆಗೆ ನಮ್ಮನೆ ಮುಯ್ಯಿ," ಅಂದ. ದೇವಯ್ಯ ರಾಗಿ ಸುರಿದ. ಒಬ್ಬೊಬ್ಬರಾಗಿ ಬಂದು ಅವರೆ, ಎಳ್ಳು, ಮತ್ತೆ ಬೆಲ್ಲ ಇಟ್ಟರು. ಯುದ್ಧದ ದಿನಗಳು, ಗಜ ಬಟ್ಟೆಗೂ ತತ್ವಾರ. ಹಾಗಿದ್ದೂ ದೇವಿರಮ್ಮ ಮಡಿಲಿನಿಂದ ಒಂದು ರವಿಕೆ ಕಣ ತೆಗೆದಿಟ್ಟಳು. "ಗಂಡು ನಂಗೆ ಒಪ್ಪಿಗೆ ಇಲ್ಲ. ಆದ್ರೆ ಎಣ್ಣು ನಮ್ದು," ಅಂದಳು.

"ಈಗ ಮದ್ವೆ ನಿಲ್ಸು ನೋಡಾನ," ಅಂದ ಹುಚ್ಚೀರಯ್ಯ.

ತಮಾಷೆಗೇ ತಂದದ್ದು, ನಿಜ. ಆದರೆ ಮುಯ್ಯಿ ಮುಯ್ಯಿಯೇ. ಮದುವೆ ಮನೆಗೆ ಬಂದದ್ದನ್ನು ಬೇಡ ಅನ್ನುವಂತಿಲ್ಲ. ತಂದವರ ಮನೆಯಲ್ಲಿ ಮದುವೆಯಾದಾಗ ತಿರುಗಿಸದೆ ಇರುವಂತೆಯೂ ಇಲ್ಲ. ಬೇರೆ ಯಾರದಾದರೂ ಹೆಸರಾಗಿದ್ದರೆ ನಕ್ಕು ಹಿಂದಕ್ಕೆ ಕೊಡುತ್ತಿದ್ದನೇನೋ. ತನ್ನ ಮಗಳ ಹೆಸರಿಗೆ ಬಂದ ರವಿಕೆ ಕಣವನ್ನು ಯಾವ ಕೈಯಲ್ಲಿ ಹಿಂದಕ್ಕೆ ಕೊಡುವುದು? ಅವತ್ತೇ ಮದುವೆ ಮಾಡಿದ. ಧಾರೆಯ ಹೊತ್ತಿಗೆ ಶಿರಸ್ತೇದಾರರು ಸೀನಿದರು. ಮುದ್ದಮ್ಮ, "ಇನ್ನೊಂದು ಸೀನಿ ಸ್ವಾಮಿ, ಜೋಡಿಯಾಗ್ಲಿ," ಅಂದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕರಿಯಯ್ಯ ಎಚ್ಚರವಾಗಿ ನಿಂತು ಧಾರೆ ಎರೆದ ಅನ್ನುವಾಗ ಹೇಳುವವನೂ ಎದ್ದು ನಿಂತು ಬರಿಗೈಯಲ್ಲೇ ಧಾರೆ ಎರೆದ. ಎಷ್ಟು ಚೆನ್ನಾಗಿ ಕಟ್ಟಿಕೊಡುತ್ತಾನೆ ಅಂದುಕೊಂಡರು ಸಾಲಿನವರು.

ಮನೆಯಲ್ಲಿ ಪಟ್ಟಲಮ್ಮ ಗಂಟು ನೋಡಿ, "ಯಾರ ಮನೆ ಮದ್ವೆ?" ಅಂದಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲಾ ಹೇಳಿದ, ತಲೆ ಎತ್ತದೆ.

"ಊರೋರ ಮುಂದೆ ಅವಳ್ನ ನಗಾಡ್ಕೊಂಡು ಕೂತಿದ್ದಾ?" ಅಂದಳು.

"ಅವಳ್ನ ನೋಡಿ ಯಾರೂ ನಗ್ನಿಲ್ಲ ಕಣೆ. ಅವಳೇ ಎಲ್ರುನ್ನೂ ನಗಿಸ್ತಿದ್ಲು."

ಪಟ್ಟಲಮ್ಮ ಗಂಟು ಅಲ್ಲೇ ಬಿಟ್ಟು ಒಳಗೆ ಹೋದಳು. ರಾಗಿ ಬೀಸುವ ಸದ್ದು ಬಹಳ ಹೊತ್ತು ಕೇಳಿತು. ಅವನು ಹೊರಗೆ ಎತ್ತಿನ ಮೈ ತಿಕ್ಕಿದ್ದನ್ನೇ ತಿಕ್ಕುತ್ತಿದ್ದ. ಬೀಸುವುದು ನಿಂತಿತು. ಬಾಗಿಲಿಗೆ ಬಂದವಳು, "ಗಂಡು ಎಂಗವ್ನೆ?" ಅಂತ ಕೇಳಿದಳು.

"ಒಳ್ಳೇವ್ನು. ಒಸಿ ಬೆವರ್ತಾನೆ."

ಅವಳು ರವಿಕೆ ಕಣವನ್ನು ಮಡಿಸಿ ಒಳಗೆ ತೆಗೆದುಕೊಂಡು ಹೋದಳು.

ಮುಂದಿನ ಬೇಸಿಗೆಯಲ್ಲಿ ಬಸರಾಳಿನಲ್ಲಿ ಹುಚ್ಚೀರಯ್ಯನ ಮಗಳ ಮದುವೆ. ಎಲ್ಲಿಗೂ ಬಾರದ ಪಟ್ಟಲಮ್ಮ ತಾನೂ ಗಾಡಿ ಹತ್ತಿದಳು. ಗಾಡಿ ಸಾಲಿನವರೆಲ್ಲ ಚಪ್ಪರದಲ್ಲಿ ಸೇರಿದ್ದರು. ಆ ಕಡೆ ಮುಯ್ಯಿ ಕೊಟ್ಟವರ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳುವುದು ವಾಡಿಕೆ. ಕಾಯಿ, ಬೆಲ್ಲ, ಅದರ ಮೇಲೊಂದು ಸೇರು ಅಕ್ಕಿ ಇಟ್ಟ ಪಟ್ಟಲಮ್ಮನನ್ನು ಕೂಗುವವನು ಕೇಳಿದ. "ಯಾರ ಎಸರಲ್ಲಿ ಕೂಗ್ಲವ್ವಾ?"

"ದುದ್ದದ ಮುದ್ದಮ್ಮನ ಅಪ್ಪ ಅವ್ವ ಅನ್ನು," ಅಂದಳು.

ಅವನು ಹಾಗೇ ಕೂಗಿದ. ಮೊದಲು ನಕ್ಕವನು ದೇವಯ್ಯ. ಕತೆಯ ಮುದ್ದಮ್ಮನ ಹೆಸರು ಹೇಳಿ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡ. ಆಮೇಲೆ ಪಟ್ಟಲಮ್ಮನ ಮುಖ ನೋಡಿದ, ಕೆಂಪಸಿದ್ದಯ್ಯನ ಮುಖ ನೋಡಿದ. ನಗು ನಿಂತಿತು. ಮುದ್ದಮ್ಮ ನಿಜವಾಗಿ ಇದ್ದು ಹೋದ ಮಗಳು ಅಂತ ಗಾಡಿ ಸಾಲಿನವರಿಗೆಲ್ಲ ಆಗ ಹೊಳೆಯಿತು.

ಹುಚ್ಚೀರಯ್ಯ ಹೆಣ್ಣಿನ ಕಡೆ ಬಿಟ್ಟು ಓಡಿ ಬಂದ. ಅಷ್ಟು ದೊಡ್ಡ ಗಂಟಲಿನವನು ಮೆಲ್ಲಗೆ ಅಂದ. "ಅವ್ವಾ, ಆಣೆಗೂ ನಮಗೆ ಗೊತ್ತಿರ್ನಿಲ್ಲ. ಗೊತ್ತಿದ್ರೆ ಅಂಗೆ ಮುಯ್ಯಿ ತಂದು ಆಟ ಆಡ್ತಿರ್ನಿಲ್ಲ."

ಪಟ್ಟಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅದಕ್ಕೇ ಕಣಪ್ಪ, ಗೊತ್ತಿಲ್ದಿದ್ದದ್ದೇ ಒಳ್ಳೇದಾಯ್ತು. ಗೊತ್ತಿದ್ರೆ ನನ್ ಮಗಳಿಗೆ ಮದ್ವೇನೇ ಆಯ್ತಿರ್ನಿಲ್ಲ."